ಎಂಜಿನ್ ಆಯಿಲ್ ನೀವೇ ಬದಲಿಸಿ, ಬೋಲ್ಟ್ ಮಾತ್ರ ಜಾಸ್ತಿ ಬಿಗಿಯಬೇಡಿ

ಕಾರಿನ ಎಂಜಿನ್ ಆಯಿಲ್ ಬದಲಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಹಳೆಯದನ್ನು ಇಳಿಸಬೇಕು, ಫಿಲ್ಟರ್ ಬದಲಿಸಬೇಕು, ಹೊಸದನ್ನು ಸುರಿಯಬೇಕು. ಮೊದಲ ಸಲ ಎರಡು ಗಂಟೆ ಹಿಡಿಯಬಹುದು. ಮೂರನೇ ಸಲಕ್ಕೆ ಮುಕ್ಕಾಲು ಗಂಟೆ ಸಾಕು.

ಹಾಗಾದರೆ ಎಡವಟ್ಟು ಎಲ್ಲಿ ಆಗುತ್ತದೆ? ಹೆಚ್ಚಾಗಿ ಬಿಗಿ ಮಾಡುವ ಕಡೆ. ಒಂದೋ ಆಯಿಲ್ ಇಳಿಸುವ ಡ್ರೈನ್ ಬೋಲ್ಟನ್ನು ಅಳತೆ ಮೀರಿ ತಿರುಗಿಸಿ ಮರೆ (ಬೋಲ್ಟ್ ಕೂರುವ ಸುರುಳಿ ಗೆರೆ) ಕಿತ್ತುಹಾಕುತ್ತಾರೆ, ಇಲ್ಲವೇ ಫಿಲ್ಟರ್ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡದೆ ಎಂಜಿನ್ ಚಾಲೂ ಮಾಡುತ್ತಾರೆ. ಅದಕ್ಕೇ ಇಲ್ಲಿ ಆ ಎರಡು ವಿಷಯ ಸ್ವಲ್ಪ ಉದ್ದಕ್ಕೆ ಬರೆದಿದ್ದೇನೆ. ಉಳಿದದ್ದು ಚುಟುಕಾಗಿ.

ಮೊದಲು ಮ್ಯಾನ್ಯುಯಲ್ ತೆಗೆಯಿರಿ

ಕಾರಿನ ಜೊತೆ ಬಂದ ಪುಸ್ತಕವನ್ನು ಯಾರೂ ಓದುವುದಿಲ್ಲ, ಅಲ್ವಾ? ಇವತ್ತು ಓದಿ. ಅದರಲ್ಲಿ ನಾಲ್ಕು ವಿಷಯ ಹುಡುಕಿ: ಆಯಿಲ್‌ನ ಗ್ರೇಡ್, ಅದರ ಗುಣಮಟ್ಟದ ದರ್ಜೆ, ಫಿಲ್ಟರ್ ಸೇರಿ ಎಷ್ಟು ಲೀಟರ್ ಬೇಕು, ಡ್ರೈನ್ ಬೋಲ್ಟನ್ನು ಎಷ್ಟು ಬಿಗಿಯಬೇಕು.

ಗ್ರೇಡ್ ಅಂದರೆ ಡಬ್ಬದ ಮೇಲೆ ಕಾಣುವ 5ಡಬ್ಲ್ಯು-30, 0ಡಬ್ಲ್ಯು-20 ಥರದ ಬರಹ. ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದಕ್ಕಿಂತ ಮೊದಲು ಬರುವ ಅಂಕಿ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುತ್ತದೆ. ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಬೇಗ ಹರಿಯುತ್ತದೆ. ಆಮೇಲೆ ಬರುವ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಎಂಬುದಕ್ಕೆ.

"ದಪ್ಪ ಆಯಿಲ್ ಹಾಕಿ, ಎಂಜಿನ್ ಗಟ್ಟಿ ಇರುತ್ತದೆ" ಎನ್ನುವವರು ಎಲ್ಲ ಕಡೆ ಸಿಗುತ್ತಾರೆ. ಆ ಮಾತಿಗೆ ತಲೆದೂಗಬೇಡಿ. ಈಗಿನ ಎಂಜಿನ್‌ಗಳಲ್ಲಿ ಆಯಿಲ್ ಬರೀ ಜಾರಿಸುವ ಕೆಲಸ ಮಾಡುವುದಿಲ್ಲ. ವಾಲ್ವ್‌ಗಳ ಸಮಯ ಬದಲಿಸುವ ಭಾಗಗಳು ಅದರ ಒತ್ತಡದಿಂದಲೇ ಓಡುತ್ತವೆ. ಆಯಿಲ್ ಓಡುವ ದಾರಿಗಳನ್ನು ಕೊರೆದಿರುವುದೂ ಒಂದು ನಿರ್ದಿಷ್ಟ ದಪ್ಪವನ್ನು ಲೆಕ್ಕ ಹಾಕಿಯೇ.

ದರ್ಜೆಯನ್ನೂ ಅಷ್ಟೇ ಜಾಗ್ರತೆಯಿಂದ ನೋಡಿ. ಪೆಟ್ರೋಲ್ ಎಂಜಿನ್‌ಗೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎನ್, ಎಸ್‌ಪಿ ಎಂದು ಬರೆದಿರುತ್ತದೆ. ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಸಾಮಾನ್ಯವಾಗಿ ಅದರ ಮೇಲೆ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ಸಿ2, ಸಿ3 ಥರದ ಗುರುತು ಇರುತ್ತದೆ. ಬೇರೆ ಹಾಕಿದರೆ ಆ ಫಿಲ್ಟರ್ ದಿನ ಕಳೆದಂತೆ ಕಟ್ಟಿಕೊಳ್ಳುತ್ತದೆ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ಓಡಿಸುವ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಮುಳುಗಿ ಓಡುತ್ತದೆ. ಅಲ್ಲಿ ತಪ್ಪು ಆಯಿಲ್ ಬೆಲ್ಟನ್ನೇ ತಿಂದುಹಾಕುತ್ತದೆ.

ಸಣ್ಣ ಕಾರಿಗೆ ಸುಮಾರು ಮೂರು ಲೀಟರ್, ಮಧ್ಯಮ ಗಾತ್ರದ್ದಕ್ಕೆ ನಾಲ್ಕರಿಂದ ಐದು ಲೀಟರ್ ಬೇಕಾಗುವುದು ಸಾಮಾನ್ಯ. ನಿಮ್ಮ ಕಾರಿನ ನಿಖರ ಅಳತೆ ಪುಸ್ತಕದಲ್ಲಿದೆ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದೂ ಅಲ್ಲೇ ಇದೆ. ಹಲವು ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವವರು, ದೂಳಿನ ರಸ್ತೆಯಲ್ಲಿ ಓಡಾಡುವವರು, ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ನಿಲ್ಲುವವರು ಅದಕ್ಕಿಂತ ಬೇಗ ಬದಲಿಸಬೇಕು. ಕಾರು ಕಡಿಮೆ ಓಡಿದೆ ಅಂದ ಮಾತ್ರಕ್ಕೆ ಆಯಿಲ್ ಚೆನ್ನಾಗಿದೆ ಅಂತಲ್ಲ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಒಳಗೆ ಸೇರಿದ ನೀರಿನಂಶ, ಪೆಟ್ರೋಲ್ ಅಂಶ ಆವಿಯಾಗಿ ಹೋಗದೆ ಆಯಿಲ್‌ನಲ್ಲೇ ಉಳಿಯುತ್ತದೆ.

ವಾರಂಟಿ ಇರುವ ಕಾರಾದರೆ ಆಯಿಲ್ ಮತ್ತು ಫಿಲ್ಟರ್ ಕೊಂಡ ಬಿಲ್ ಎತ್ತಿಡಿ.

ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಹೊಸ ಆಯಿಲ್, ಹೊಸ ಫಿಲ್ಟರ್, ಡ್ರೈನ್ ಬೋಲ್ಟಿಗೆ ಹೊಸ ವಾಷರ್. ಬೋಲ್ಟಿಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್. 14, 17, 19 ಎಂಎಂ ಜಾಸ್ತಿ ಬಳಕೆಯಲ್ಲಿರುವ ಅಳತೆಗಳು. ಹಿಗ್ಗಿಸಿ ಕುಗ್ಗಿಸುವ ಸ್ಪ್ಯಾನರ್ ಬೇಡವೇ ಬೇಡ, ಅದು ಬೋಲ್ಟಿನ ಮೂಲೆಗಳನ್ನು ಸವೆಸಿ ಉಂಡೆ ಮಾಡುತ್ತದೆ. ಫಿಲ್ಟರ್ ಬಿಚ್ಚಲು ಪಟ್ಟಿ ಇರುವ ರೆಂಚ್, ಆರು ಲೀಟರಾದರೂ ಹಿಡಿಯುವ ಅಗಲ ಟಬ್, ಲಾಳಿಕೆ, ಹಳೇ ಬಟ್ಟೆ, ಟಾರ್ಚ್, ನೈಟ್ರೈಲ್ ಗ್ಲೌಸ್. ಎಷ್ಟು ಬಿಗಿಯಾಯಿತು ಎಂದು ತಿಳಿಸುವ ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು. ನೆಲಕ್ಕೆ ದೊಡ್ಡ ರಟ್ಟು ಹಾಸಿ. ಅದು ಚೆಲ್ಲಿದ್ದನ್ನು ಹೀರುತ್ತದೆ, ಬೆನ್ನಿಗೂ ಹಿತ.

ಕಾರಿನ ಕೆಳಗೆ ಹೋಗುವ ಮುಂಚೆ

ಇಲ್ಲಿ ತಮಾಷೆ ಬೇಡ. ಜಾಕ್ ಇರುವುದು ಕಾರನ್ನು ಎತ್ತಲಿಕ್ಕೆ ಮಾತ್ರ, ಎತ್ತಿದ ಕಾರನ್ನು ಹಿಡಿದು ನಿಲ್ಲಿಸಲಿಕ್ಕಲ್ಲ. ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ಎತ್ತಿದ ಮೇಲೆ ಗಟ್ಟಿ ಸ್ಟ್ಯಾಂಡ್‌ಗಳನ್ನು ಮ್ಯಾನ್ಯುಯಲ್ ತೋರಿಸಿದ ಜಾಗಕ್ಕೇ ಕೊಟ್ಟು, ಭಾರ ಅವುಗಳ ಮೇಲೆ ಇಳಿಸಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಪೇರಿಸಿ ಇಡುವುದು ಜಾಕ್‌ಗಿಂತಲೂ ಅಪಾಯ. ಅವು ಸೂಚನೆ ಕೊಡದೆ ಪಟ್ಟನೆ ಸೀಳುತ್ತವೆ.

ನೆಲ ಗಟ್ಟಿಯಾಗಿ, ಸಮತಟ್ಟಾಗಿ ಇರಲಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಗೇರ್ ಮೊದಲನೆಯದರಲ್ಲಿ, ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ ಇರಲಿ. ಹಿಂದಿನ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಅಡ್ಡಗಟ್ಟೆ ಕೊಡಿ. ಸ್ಟ್ಯಾಂಡ್ ಮೇಲೆ ನಿಂತ ಕಾರನ್ನು ಭುಜ ಕೊಟ್ಟು ಅಲುಗಾಡಿಸಿ ನೋಡಿ. ಬೀಳುವುದಿದ್ದರೆ ಈಗಲೇ ಬೀಳಲಿ, ನೀವು ಹೊರಗಿರುವಾಗ. ಮತ್ತೆ, ಕಾರಿನ ಕೀ ನಿಮ್ಮ ಜೇಬಿನಲ್ಲೇ ಇರಲಿ.

ರ‍್ಯಾಂಪ್ ಇದ್ದರೆ ಇಷ್ಟೆಲ್ಲ ರಗಳೆ ಕಡಿಮೆ. ಎತ್ತರದ ಕಾರಾದರೆ ಎತ್ತುವುದೇ ಬೇಕಾಗಲಿಕ್ಕಿಲ್ಲ, ಸುಮ್ನೆ ಮಲಗಿ ಕೈ ಚಾಚಿದರೆ ಬೋಲ್ಟ್ ಸಿಗುತ್ತದೆ. ಕೆಲವರು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಕೊಳವೆಯಿಂದಲೇ ಆಯಿಲ್ ಹೀರುವ ಪಂಪ್ ಬಳಸುತ್ತಾರೆ. ಅದೂ ನಡೆಯುತ್ತದೆ, ಆದರೆ ನನಗೆ ಕೆಳಗಿನಿಂದ ಇಳಿಸುವುದೇ ಇಷ್ಟ. ಎಂಜಿನ್ ಅಡಿಯಲ್ಲಿ ಏನೇನು ಸೋರುತ್ತಿದೆ, ಯಾವ ರಬ್ಬರ್ ಬಿರುಕು ಬಿಟ್ಟಿದೆ ಅಂತ ಅದೇ ನೆಪದಲ್ಲಿ ಕಾಣುತ್ತದೆ.

ಎಂಜಿನ್ ಉಗುರುಬೆಚ್ಚಗೆ ಇರಬೇಕು. ತಣ್ಣಗಿದ್ದರೆ ಮೂರು ನಾಲ್ಕು ನಿಮಿಷ ಓಡಿಸಿ ಆರಿಸಿ, ಆಯಿಲ್ ತೆಳುವಾಗಿ ಚೆನ್ನಾಗಿ ಇಳಿಯುತ್ತದೆ. ದೂರದ ಪ್ರಯಾಣ ಮುಗಿಸಿ ಬಂದ ಕೂಡಲೇ ಮಾತ್ರ ಕೈ ಹಚ್ಚಬೇಡಿ. ಆಗ ಆಯಿಲ್ ಕುದಿಯುವ ನೀರಿನಷ್ಟು ಬಿಸಿ ಇರಬಹುದು, ಪಕ್ಕದ ಹೊಗೆ ಕೊಳವೆ ಅದಕ್ಕಿಂತ ಬಿಸಿ. ಕಾರು ಎತ್ತುವುದೇನಿದ್ದರೂ ಎಂಜಿನ್ ಆರಿಸಿದ ಮೇಲೆ.

ಹಳೇ ಆಯಿಲ್ ಇಳಿಸುವುದು

ಬಾನೆಟ್ ತೆಗೆದು ಆಯಿಲ್ ಸುರಿಯುವ ಮುಚ್ಚಳ ಬಿಚ್ಚಿ. ಗಾಳಿ ಒಳಗೆ ಹೋದರೆ ಆಯಿಲ್ ತಡೆಯಿಲ್ಲದೆ ಹರಿಯುತ್ತದೆ. ಆ ಮುಚ್ಚಳವನ್ನು ಚಾಲಕನ ಸೀಟಿನ ಮೇಲೆ ಇಡಿ. ಹೊಸ ಆಯಿಲ್ ಹಾಕದೆ ಎಂಜಿನ್ ಶುರು ಮಾಡಲು ಹೋದರೆ ಮುಚ್ಚಳದ ಮೇಲೆ ಕೂರುತ್ತೀರಿ, ನೆನಪಾಗುತ್ತದೆ.

ಈಗ ಕೆಳಗೆ. ಪ್ಲಾಸ್ಟಿಕ್ ಹೊದಿಕೆ ಇದ್ದರೆ ಕ್ಲಿಪ್, ಸ್ಕ್ರೂ ಬಿಚ್ಚಿ ಸರಿಸಿ. ಎಂಜಿನ್‌ನ ತಳದಲ್ಲಿ ತಟ್ಟೆಯ ಆಕಾರದ ಭಾಗ ಇದೆಯಲ್ಲ, ಅದೇ ಸಂಪ್. ಅದರ ಕೆಳತುದಿಯಲ್ಲಿ ಡ್ರೈನ್ ಬೋಲ್ಟ್ ಇರುತ್ತದೆ.

ಒಂದು ನಿಮಿಷ ನಿಲ್ಲಿ. ಪಕ್ಕದಲ್ಲೇ ಗೇರ್‌ಬಾಕ್ಸ್‌ಗೂ ಅಂಥದ್ದೇ ಒಂದು ಬೋಲ್ಟ್ ಇರಬಹುದು. ಅದನ್ನು ಬಿಚ್ಚಿ ಗೇರ್ ಆಯಿಲ್ ಇಳಿಸಿ, ಆಮೇಲೆ ತುಂಬಿದ ಎಂಜಿನ್‌ಗೆ ಇನ್ನೂ ನಾಲ್ಕು ಲೀಟರ್ ಸುರಿದವರು ಬೇಕಾದಷ್ಟು ಜನ ಇದ್ದಾರೆ. ಒಂದೇ ಏಟಿಗೆ ಎರಡಕ್ಕೂ ಗಂಡಾಂತರ. ಅನುಮಾನ ಇದ್ದರೆ ಮುಟ್ಟಿ ನೋಡಿ. ತಣ್ಣಗಿದ್ದ ಎಂಜಿನ್ ಮೂರು ನಾಲ್ಕು ನಿಮಿಷ ನಿಂತಲ್ಲೇ ಓಡಿದ್ದರೆ ಸಂಪ್ ಬೆಚ್ಚಗಾಗಿರುತ್ತದೆ, ಗೇರ್‌ಬಾಕ್ಸ್ ಅಷ್ಟು ಬೆಚ್ಚಗಾಗಿರುವುದಿಲ್ಲ. ಬಿಚ್ಚಿದಾಗ ಕೆಂಪು ದ್ರವ ಬಂದರೆ ಅದು ಎಂಜಿನ್ ಆಯಿಲ್ ಅಲ್ಲ, ತಕ್ಷಣ ಮುಚ್ಚಿ.

ಬೋಲ್ಟ್ ಯಾವ ಕಡೆ ತಿರುಗಿಸಬೇಕು ಎಂಬುದು ಮಲಗಿದಾಗ ಎಲ್ಲರಿಗೂ ಗೊಂದಲವೇ. ಬೋಲ್ಟಿನ ತಲೆ ನಿಮ್ಮ ಮುಖಕ್ಕೆ ನೇರ ಇದೆ ಎಂದುಕೊಳ್ಳಿ. ಬಾಟಲಿ ಮುಚ್ಚಳ ಬಿಚ್ಚುವ ಹಾಗೇ, ಗಡಿಯಾರದ ಮುಳ್ಳಿಗೆ ಎದುರಾಗಿ. ಸ್ಪ್ಯಾನರನ್ನು ತಳ್ಳುವ ಬದಲು ನಿಮ್ಮ ಕಡೆಗೆ ಎಳೆಯುವಂತೆ ಕೂರಿಸಿ. ತಳ್ಳಿದರೆ ಬೋಲ್ಟ್ ಬಿಟ್ಟುಕೊಟ್ಟ ಗಳಿಗೆಯಲ್ಲಿ ಬೆರಳ ಗೆಣ್ಣು ಕಬ್ಬಿಣಕ್ಕೆ ಬಡಿಯುತ್ತದೆ.

ಒಮ್ಮೆ ಸಡಿಲವಾದ ಮೇಲೆ ಸ್ಪ್ಯಾನರ್ ಪಕ್ಕಕ್ಕಿಟ್ಟು ಬೆರಳಲ್ಲೇ ತಿರುಗಿಸಿ. ತಿರುಗಿಸುವಾಗ ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದಿರಿ. ಮರೆ ಮುಗಿದದ್ದು ಬೆರಳಿಗೆ ಗೊತ್ತಾಗುತ್ತದೆ, ಬೋಲ್ಟ್ ಲೊಡಲೊಡ ಅನ್ನುತ್ತದೆ. ಆಗ ಸರಕ್ಕನೆ ಪಕ್ಕಕ್ಕೆ ಎಳೆದುಕೊಳ್ಳಿ. ಒಳಕ್ಕೆ ಒತ್ತದೆ ಮೆಲ್ಲಗೆ ಬಿಚ್ಚುತ್ತಾ ಹೋದರೆ ಆಯಿಲ್ ಮಣಿಕಟ್ಟಿನ ಮೇಲಿಂದ ಇಳಿದು ಮೊಣಕೈವರೆಗೂ ಬರುತ್ತದೆ.

ಮೊದಲ ಧಾರೆ ನೇರ ಕೆಳಗೆ ಬೀಳುವುದಿಲ್ಲ. ಬೋಲ್ಟ್ ಅಡ್ಡಕ್ಕಿದ್ದರೆ ಆಯಿಲ್ ಬಿಲ್ಲಿನ ಹಾಗೆ ಬಾಗಿ ದೂರಕ್ಕೆ ಚಿಮ್ಮುತ್ತದೆ. ಟಬ್ಬನ್ನು ಒಂದು ಗೇಣು ಮುಂದಕ್ಕೆ ಇಟ್ಟಿರಿ, ಧಾರೆ ಸಣ್ಣದಾದಂತೆ ಹತ್ತಿರಕ್ಕೆ ಸರಿಸಿ. ಬೋಲ್ಟ್ ಟಬ್ಬಿನೊಳಗೆ ಬಿದ್ದರೆ ಬೇಜಾರಾಗಬೇಡಿ. ಎಲ್ಲರಿಗೂ ಬೀಳುತ್ತದೆ. ಒಂದು ಅಯಸ್ಕಾಂತ ಇದ್ದರೆ ಎತ್ತುವುದು ಸುಲಭ.

ಇಳಿಯುತ್ತಿರುವಾಗ ಆಯಿಲನ್ನು ಗಮನಿಸಿ. ಕಪ್ಪಗಿದ್ದರೆ ಚಿಂತೆ ಇಲ್ಲ, ಮಸಿ ಎತ್ತಿಕೊಳ್ಳುವುದೇ ಅದರ ಕೆಲಸ. ಡೀಸೆಲ್ ಎಂಜಿನ್‌ನಲ್ಲಂತೂ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಆದರೆ ಬಿಳಿಚಿಕೊಂಡು ಕೆನೆಗಟ್ಟಿದ ಹಾಗೆ ಕಂಡರೆ ಎಂಜಿನ್ ತಣಿಸುವ ಕೂಲೆಂಟ್ ಸೇರಿರಬಹುದು, ಅದನ್ನು ತಡೆಯುವ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಬೂದುಬಣ್ಣದ ನುಣ್ಣನೆ ಲೇಪ ಅಂಟಿರುವುದು ಸಹಜ. ಬೆರಳಿಗೆ ಚುಚ್ಚುವ ಲೋಹದ ಚೂರು ಸಹಜ ಅಲ್ಲ.

ಹದಿನೈದು ನಿಮಿಷ ಬಿಡಿ. ತೊಟ್ಟು ತೊಟ್ಟಾಗಿ ಬೀಳತೊಡಗಿದರೆ ಸಾಕು. ರಾತ್ರಿಯಿಡೀ ಸೋರಲು ಬಿಡುವವರಿದ್ದಾರೆ, ಅಷ್ಟು ಬೇಕಿಲ್ಲ. ಏನೇ ಮಾಡಿದರೂ ಸ್ವಲ್ಪ ಹಳೇ ಆಯಿಲ್ ಎಂಜಿನ್‌ನ ಸಂದುಗಳಲ್ಲಿ ಉಳಿದೇ ಉಳಿಯುತ್ತದೆ.

ಬೋಲ್ಟ್ ವಾಪಸ್ ಹಾಕುವುದು

ಮೊದಲು ಹಳೇ ವಾಷರ್ ಎಲ್ಲಿದೆ ನೋಡಿ. ಕೆಲವೊಮ್ಮೆ ಅದು ಬೋಲ್ಟಿನ ಜೊತೆ ಬರದೆ ಸಂಪ್‌ಗೇ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತು, ಜಾಗ ಒರೆಸಿ, ಹೊಸದನ್ನು ಹಾಕಿ. ತಾಮ್ರ ಅಥವಾ ಅಲ್ಯೂಮಿನಿಯಂನ ಈ ವಾಷರ್ ಮೆತ್ತಗಿರುತ್ತದೆ. ಬಿಗಿಯುವಾಗ ಅಮುಕಿಕೊಂಡು ಸಂದು ಮುಚ್ಚುವುದೇ ಅದರ ಕೆಲಸ. ಒಮ್ಮೆ ಅಮುಕಿದ್ದು ಇನ್ನೊಮ್ಮೆ ಅಷ್ಟು ಚೆನ್ನಾಗಿ ಕೂರುವುದಿಲ್ಲ.

ಬೋಲ್ಟನ್ನು ಬೆರಳಲ್ಲೇ ಕೂರಿಸಿ. ಶುರುವಿಗೆ ಒಂದು ಸುತ್ತು ಉಲ್ಟಾ ತಿರುಗಿಸಿ ನೋಡಿ. ಮರೆಯ ತುದಿಗೆ ತುದಿ ಸಿಕ್ಕಿದಾಗ ಟಿಕ್ ಅಂತ ಸಣ್ಣದಾಗಿ ಕೆಳಗಿಳಿದ ಅನುಭವ ಆಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಮೂರು ನಾಲ್ಕು ಸುತ್ತು ಸ್ಪ್ಯಾನರ್ ಇಲ್ಲದೆ ಸಲೀಸಾಗಿ ಹೋಗಬೇಕು. ಮಧ್ಯೆ ಹಿಡಿದುಕೊಂಡರೆ ಅಡ್ಡಮರೆ ಹತ್ತಿದೆ ಅಂತ ಅರ್ಥ. ಬಿಚ್ಚಿ ಮತ್ತೆ ಶುರು ಮಾಡಿ, ಬಲ ಹಾಕಬೇಡಿ.

ಈಗ ಬಿಗಿ. ಎಷ್ಟು? ಮ್ಯಾನ್ಯುಯಲ್‌ನಲ್ಲಿ ಇದ್ದಷ್ಟು. ಹಲವು ಕಾರುಗಳಿಗೆ ಅದು 30ರಿಂದ 40 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ಇದು ಎಷ್ಟು ಕಡಿಮೆ ಅಂತ ತಿಳಿಯಬೇಕಾದರೆ ಒಂದು ಲೆಕ್ಕ ನೋಡಿ. ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಗೆ 10 ಕೆ.ಜಿ. ಭಾರ ತೂಗುಹಾಕಿದರೆ ಸುಮಾರು 30 ನ್ಯೂಟನ್ ಮೀಟರ್ ಆಯಿತು. ಹತ್ತೇ ಕೆ.ಜಿ.! ನಾವು ಹಲ್ಲು ಕಚ್ಚಿ ಎಳೆದರೆ ಅದರ ಮೂರು ಪಟ್ಟು ಸಲೀಸಾಗಿ ಬೀಳುತ್ತದೆ. ಬೋಲ್ಟ್ ಉಕ್ಕಿನದು, ಸಂಪ್ ಎಷ್ಟೋ ಕಾರುಗಳಲ್ಲಿ ಅಲ್ಯೂಮಿನಿಯಂ. ಇಬ್ಬರ ಜಗಳದಲ್ಲಿ ಸೋಲುವುದು ಸಂಪೇ. ಮರೆ ಕಿತ್ತುಬಂದರೆ ಹೊಸ ಮರೆ ಕೂರಿಸಬೇಕು, ಇಲ್ಲವೇ ಸಂಪನ್ನೇ ಬದಲಿಸಬೇಕು.

ಟಾರ್ಕ್ ರೆಂಚ್ ಇಲ್ಲದಿದ್ದರೆ ಸ್ಪ್ಯಾನರನ್ನು ತುದಿಯಲ್ಲಿ ಹಿಡಿಯದೆ ನಡುವಿನಲ್ಲಿ ಹಿಡಿಯಿರಿ. ಬೋಲ್ಟ್ ನಿಂತಿತು ಎನಿಸಿದ ಮೇಲೆ ವಾಷರ್ ಅಮುಕುವುದು ಕೈಗೆ ಮೆತ್ತಗೆ ಗೊತ್ತಾಗುತ್ತದೆ. ಆ ಮೆತ್ತಗಿನ ತಿರುವು ಮುಗಿದು ಗಟ್ಟಿ ಆದ ಕೂಡಲೇ ನಿಲ್ಲಿಸಿ. "ಇರಲಿ, ಇನ್ನೊಂದು ಸ್ವಲ್ಪ" ಅಂತ ಮನಸ್ಸು ಹೇಳುತ್ತದೆ. ಕೇಳಬೇಡಿ.

ಫಿಲ್ಟರ್

ಡಬ್ಬದ ಆಕಾರದ ಫಿಲ್ಟರ್ ಆದರೆ ಅದರ ಕೆಳಗೂ ಟಬ್ ಇಟ್ಟು ಬಿಚ್ಚಿ, ಒಳಗೆ ಆಯಿಲ್ ಇರುತ್ತದೆ. ಕೆಲವು ಉಡದ ಪಟ್ಟು ಹಿಡಿದಿರುತ್ತವೆ. ಪಟ್ಟಿ ರೆಂಚನ್ನು ಡಬ್ಬದ ಬುಡಕ್ಕೆ, ಎಂಜಿನ್‌ಗೆ ಹತ್ತಿರ ಹಾಕಿ ತಿರುಗಿಸಿ. ತುದಿಗೆ ಹಾಕಿದರೆ ತಗಡು ನಜ್ಜಾಗುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಉಪಾಯ ಪ್ರಸಿದ್ಧ, ಆದರೆ ಎಷ್ಟೋ ಸಲ ತಗಡು ಹರಿದು ಫಿಲ್ಟರ್ ಅಲ್ಲೇ ಉಳಿಯುತ್ತದೆ.

ಬಿಚ್ಚಿದ ಮೇಲೆ ಹಳೇ ಫಿಲ್ಟರಿನ ಬಾಯಿ ನೋಡಿ. ಸುತ್ತಲೂ ರಬ್ಬರ್ ಬಳೆ ಇದೆಯಾ? ನಾನು ಮೊದಲ ಸಲ ಇದನ್ನು ನೋಡಲಿಲ್ಲ. ಹಳೇ ಬಳೆ ಎಂಜಿನ್‌ಗೇ ಅಂಟಿಕೊಂಡಿತ್ತು. ಕಪ್ಪು ಕಬ್ಬಿಣದ ಮೇಲೆ ಕಪ್ಪು ರಬ್ಬರ್, ಕಣ್ಣಿಗೆ ಬೀಳಲೇ ಇಲ್ಲ. ಅದರ ಮೇಲೇ ಹೊಸ ಫಿಲ್ಟರ್ ಹಾಕಿ, ಜಂಬದಿಂದ ಎಂಜಿನ್ ಶುರು ಮಾಡಿದೆ. ಪಂಪಿನ ಒತ್ತಡಕ್ಕೆ ಎರಡು ಬಳೆ ಜಾರಿ, ಹೊಂಬಣ್ಣದ ಹೊಸ ಆಯಿಲ್ ನೆಲದ ಮೇಲೆ ಹರಡಿತು. ನಾನು ಗಾಬರಿಯಲ್ಲಿ ಕೀ ತಿರುಗಿಸುವಷ್ಟರಲ್ಲಿ ಅರ್ಧಕ್ಕೂ ಜಾಸ್ತಿ ಹೊರಗೆ ಬಂದಾಗಿತ್ತು. ಎಂಜಿನ್ ಉಳಿಯಿತು. ನೆಲ ತಿಕ್ಕಿದ್ದು ಮಾತ್ರ ಆಯಿಲ್ ಬದಲಿಸಿದ್ದಕ್ಕಿಂತ ಜಾಸ್ತಿ ಹೊತ್ತು. ಅಂದಿನಿಂದ ಎಂಜಿನ್ ಕಡೆಯ ಜಾಗಕ್ಕೆ ಬೆರಳಾಡಿಸಿ ನೋಡದೆ ಹೊಸ ಫಿಲ್ಟರ್ ಕೂರಿಸುವುದಿಲ್ಲ.

ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ಬಾಯಿಯ ಅಗಲ, ಮರೆ ಹೋಲಿಸಿ. ಹೊಸ ರಬ್ಬರ್ ಬಳೆಗೆ ಬೆರಳಿಂದ ಹೊಸ ಆಯಿಲ್ ಸವರಿ. ಒಣಗಿದ್ದರೆ ಅದು ತಿರುಗುವಾಗ ಮಡಚಿಕೊಳ್ಳುತ್ತದೆ. ಫಿಲ್ಟರ್ ಬಾಯಿ ಮೇಲಾಗಿ ಕೂರುವಂಥದ್ದಾದರೆ ಒಳಗೆ ಸ್ವಲ್ಪ ಆಯಿಲ್ ತುಂಬಿಸಿ ಹಾಕಬಹುದು. ಕೈಯಲ್ಲೇ ತಿರುಗಿಸಿ, ಬಳೆ ಎಂಜಿನ್‌ಗೆ ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು. ಅಷ್ಟೇ. ಫಿಲ್ಟರಿನ ಮೇಲೇ ಬೇರೆ ಅಳತೆ ಬರೆದಿದ್ದರೆ ಅದನ್ನು ಪಾಲಿಸಿ. ಡಬ್ಬದ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದುಕೊಂಡರೆ ಎಷ್ಟು ತಿರುಗಿತು ಅಂತ ಕಾಣುತ್ತದೆ. ರೆಂಚ್ ಬೇಡ.

ಕೆಲವು ಕಾರುಗಳಲ್ಲಿ ಡಬ್ಬ ಇರುವುದಿಲ್ಲ, ಪ್ಲಾಸ್ಟಿಕ್ ಮುಚ್ಚಳದೊಳಗೆ ಕಾಗದದ ಫಿಲ್ಟರ್ ಇರುತ್ತದೆ. ಅಲ್ಲಿ ಹೊಸ ರಬ್ಬರ್ ರಿಂಗನ್ನು ಹಳೆಯದು ಇದ್ದ ತೋಡಿನಲ್ಲೇ ಕೂರಿಸಿ, ಪಕ್ಕದ ಮರೆಯ ಮೇಲೆ ಅಲ್ಲ. ಬಿಗಿಯ ಅಳತೆ ಎಷ್ಟೋ ಸಲ ಮುಚ್ಚಳದ ಮೇಲೇ ಅಚ್ಚಾಗಿರುತ್ತದೆ. ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ.

ಸುರಿದು, ಅಳೆದು ನೋಡಿ

ಲಾಳಿಕೆ ಇಟ್ಟು ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಸುರಿಯಿರಿ. ಮುಚ್ಚಳ ಹಾಕಿ, ಮೊದಲ ಗೇರಿನಲ್ಲಿಟ್ಟಿದ್ದರೆ ನ್ಯೂಟ್ರಲ್‌ಗೆ ತಂದು ಎಂಜಿನ್ ಶುರು ಮಾಡಿ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಎಂಜಿನ್ ಆರಿಸಿ. ಈ ಹೊತ್ತಿನಲ್ಲಿ ಆಕ್ಸಿಲರೇಟರ್ ತುಳಿಯಬೇಡಿ. ಟರ್ಬೊ ಇದ್ದರಂತೂ ಆಯಿಲ್ ಅಲ್ಲಿಯವರೆಗೆ ತಲುಪಲು ಸಮಯ ಕೊಡಿ. ಒಂದು ನಿಮಿಷ ಓಡಲಿ. ಅಷ್ಟರಲ್ಲಿ ಹೊರಗೇ ಕೂತು ಟಾರ್ಚ್ ಹಾಕಿ ಬೋಲ್ಟ್ ಮತ್ತು ಫಿಲ್ಟರ್ ಸುತ್ತ ಒದ್ದೆ ಆಗಿದೆಯಾ ನೋಡಿ.

ಆರಿಸಿ, ಹೊದಿಕೆ ವಾಪಸ್ ಹಾಕಿ, ಕಾರು ಇಳಿಸಿ ಸಮನೆಲದ ಮೇಲೆ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ. ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಹೊಸ ಆಯಿಲ್ ತಿಳಿಯಾಗಿರುವುದರಿಂದ ಗೆರೆ ಬೇಗ ಕಾಣುವುದಿಲ್ಲ. ಬಿಳಿ ಬಟ್ಟೆಗೆ ಕಡ್ಡಿಯನ್ನು ಒತ್ತಿದರೆ ಎಲ್ಲಿವರೆಗೆ ಒದ್ದೆ ಅಂತ ಗೊತ್ತಾಗುತ್ತದೆ. ಎರಡು ಬದಿಯಲ್ಲಿ ಬೇರೆ ಬೇರೆ ಎತ್ತರ ಕಂಡರೆ ಕೆಳಗಿನದ್ದನ್ನೇ ನಂಬಿ. ಹಲವು ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಸುಮಾರು ಒಂದು ಲೀಟರ್ ಅಂತರ. ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಮೇಲಿನ ಗುರುತಿನ ತುಸು ಕೆಳಗೆ ನಿಲ್ಲಿಸಿ.

ಮೇಲಿನ ಗುರುತು ದಾಟಿಸಬೇಡಿ. ಜಾಸ್ತಿ ಆದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು ನೊರೆ ಮಾಡುತ್ತದೆ. ನೊರೆಗೆ ಒತ್ತಡ ಕಟ್ಟುವ ಶಕ್ತಿ ಇಲ್ಲ. ಕೈತಪ್ಪಿ ಜಾಸ್ತಿ ಆಗಿದ್ದರೆ ದೊಡ್ಡ ಸಿರಿಂಜಿಗೆ ತೆಳು ಪೈಪ್ ಸಿಕ್ಕಿಸಿ ಡಿಪ್‌ಸ್ಟಿಕ್ ಕೊಳವೆಯಿಂದ ಹೀರಿ ತೆಗೆಯಿರಿ. ಡ್ರೈನ್ ಬೋಲ್ಟ್ ಮತ್ತೆ ಬಿಚ್ಚುವುದಕ್ಕಿಂತ ಅದು ಎಷ್ಟೋ ಮೇಲು.

ಸರ್ವಿಸ್ ನೆನಪಿಸುವ ಲೆಕ್ಕ ಇದ್ದರೆ ಸೊನ್ನೆಗೆ ತನ್ನಿ. ತಾರೀಖು, ಕಿಲೋಮೀಟರ್, ಯಾವ ಗ್ರೇಡ್ ಅಂತ ಬರೆದು ಬಾನೆಟ್ ಒಳಗೆ ಅಂಟಿಸಿ. ರಾತ್ರಿ ಕಾರಿನ ಅಡಿ ಒಂದು ಶುಭ್ರ ರಟ್ಟು ಹಾಕಿ, ಬೆಳಿಗ್ಗೆ ಅದರ ಮೇಲೆ ಕಲೆ ಇದೆಯಾ ನೋಡಿ, ಡಿಪ್‌ಸ್ಟಿಕ್ಕನ್ನೂ ಇನ್ನೊಮ್ಮೆ ನೋಡಿ.

ಉಳಿದದ್ದು ಹಳೇ ಆಯಿಲ್. ಚರಂಡಿಗೂ ಮಣ್ಣಿಗೂ ಸುರಿಯಬೇಡಿ, ಉರಿಸಲೂ ಬೇಡಿ. ಬಳಸಿದ ಆಯಿಲ್‌ನಲ್ಲಿ ಕ್ಯಾನ್ಸರ್ ತರಬಲ್ಲ ಅಂಶಗಳಿರುತ್ತವೆ. ಗ್ಲೌಸ್ ಹಾಕಲು ಹೇಳಿದ್ದು ಅದಕ್ಕೇ. ಚರ್ಮಕ್ಕೆ ತಾಗಿದ್ದನ್ನು ಸೋಪಿನಿಂದ ತೊಳೆಯಿರಿ, ಪೆಟ್ರೋಲ್‌ನಿಂದ ಅಲ್ಲ. ನೆಲಕ್ಕೆ ಚೆಲ್ಲಿದ್ದರೆ ಮರದ ಹೊಟ್ಟು ಅಥವಾ ಮರಳು ಹಾಕಿ ಹೀರಿಸಿ ಗುಡಿಸಿ. ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಬಸಿಯಿರಿ. ಆಯಿಲನ್ನು ಖಾಲಿ ಡಬ್ಬಕ್ಕೆ ತುಂಬಿ, ಬೇರೇನೂ ಬೆರೆಸದೆ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೋ ಸಂಗ್ರಹ ಕೇಂದ್ರಕ್ಕೋ ಕೊಡಿ. ಕೊಡುವ ತನಕ ಡಬ್ಬದ ಮೇಲೆ "ಹಳೇದು" ಅಂತ ದಪ್ಪ ಅಕ್ಷರದಲ್ಲಿ ಬರೆದಿಡಿ. ಹೊಸ ಆಯಿಲ್‌ನ ಡಬ್ಬದಲ್ಲೇ ತುಂಬಿಟ್ಟು ಮರೆತರೆ, ಆಯಿಲ್ ಸ್ವಲ್ಪ ಕಡಿಮೆ ಕಂಡ ದಿನ ಮನೆಯವರು ಯಾರಾದರೂ ಅದನ್ನೇ ಎತ್ತಿ ಎಂಜಿನ್‌ಗೆ ಸುರಿದುಬಿಟ್ಟಾರು.